ಮಹಮ್ಮದ್ ಗೌಸರ ಪಡಸಾಲೆ

ಹಿರಿಯೂರಿನ ನಮ್ಮ ಬೀದಿಯಲ್ಲಿ ಮಹಮ್ಮದ್ ಗೌಸ್ ಸಾಹೇಬರನ್ನು ಬಲ್ಲವರೆಲ್ಲ ಅವರ ಒಂದು ನಡತೆಯನ್ನೂ ಬಲ್ಲರು. ಮನೆಗೆ ಬಂದವರು ಏಳುವವರೆಗೆ ಅವರು ಏಳುತ್ತಿರಲಿಲ್ಲ. ಬಂದವರು ಎದ್ದರೆ ಬೀದಿಯ ತಿರುವಿನವರೆಗೆ ಜೊತೆಗೆ ನಡೆದು ಬೀಳ್ಕೊಡದೆ ಹಿಂದಿರುಗುತ್ತಿರಲಿಲ್ಲ. ತೆಂಗಿನ ನಾರಿನ ವ್ಯಾಪಾರ ಅವರಿಗೆ ತಂದೆಯಿಂದ ಬಂದದ್ದು. ಆ ನಾರಿನ ಧೂಳೇ ಅವರ ಶ್ವಾಸಕೋಶವನ್ನು ಕೆಡಿಸಿತೆಂದು ಕೆಲವರು ಹೇಳುತ್ತಾರೆ. ವೈದ್ಯರು ಹಾಗೆ ಬರೆದುಕೊಟ್ಟಿಲ್ಲ; ಆದ್ದರಿಂದ ನಾನೂ ಹೇಳಲಾರೆ. ಹೋದ ವರ್ಷದಿಂದ ಅವರು ಆಮ್ಲಜನಕ ಕೊಡುವ ಯಂತ್ರಕ್ಕೆ ಕಟ್ಟುಬಿದ್ದಿದ್ದಾರೆ ಎಂಬುದಷ್ಟೇ ನಿಶ್ಚಿತ. ಯಂತ್ರದ ಕೊಳವೆ ಎಲ್ಲಿಯವರೆಗೆ ಎಟಕುತ್ತದೆಯೋ ಅಲ್ಲಿಯವರೆಗೆ ಅವರ ಲೋಕ.

ಅವರ ತಾರಸಿಯ ಮೇಲೆ ಸೋಲಾರ್ ಫಲಕಗಳಿವೆ. ಬಿಸಿಲಿರುವ ತನಕ ಕರೆಂಟಿನ ಚಿಂತೆಯಿಲ್ಲವೆಂದು ಮಾರಿದವನು ಭರವಸೆ ಕೊಟ್ಟಿದ್ದ. ಬೇಸಿಗೆಯ ಒಂದು ಮಧ್ಯಾಹ್ನ ಬೀದಿಯ ಲೈನು ಹೋಯಿತು. ಯಂತ್ರ ಒಮ್ಮೆ ಕಿರುಚಿ ನಿಂತಿತು. ಸಾಹೇಬರ ಪತ್ನಿ ನಸೀಬಾ ಗಂಡನಿಗೆ ಆಮ್ಲಜನಕದ ಸಿಲಿಂಡರ್ ಜೋಡಿಸಿ, ತಾರಸಿಗೆ ಓಡಿ, ಧೂಳಿನಿಂದ ಹೀಗಾಯಿತೆಂದು ಭಾವಿಸಿ ಫಲಕಗಳನ್ನು ಸೆರಗಿನಿಂದ ಒರೆಸಿದರು. ಕೈ ಸುಟ್ಟಿತೇ ಹೊರತು ಮನೆಯಲ್ಲಿ ಒಂದು ದೀಪವೂ ಹತ್ತಲಿಲ್ಲ.

ವಿಷಯವನ್ನು ತಿಳಿಸಿದವನು ಎಲೆಕ್ಟ್ರಿಷಿಯನ್ ಕೈಸರ್. ಬೀದಿಯ ಲೈನು ಸತ್ತೊಡನೆ, ಫಲಕಗಳ ಕರೆಂಟನ್ನು ಮನೆಗೆ ಹರಿಸುವ ಇಂಥ ಇನ್ವರ್ಟರ್ ತಾನಾಗಿ ನಿಲ್ಲಲೇಬೇಕು. ನಿಲ್ಲದಿದ್ದರೆ ಮನೆಯ ಕರೆಂಟು ಹೊರಗಿನ ತಂತಿಗೆ ಹರಿದು ಕಂಬದ ಮೇಲಿರುವ ಲೈನ್‌ಮನ್‌ನನ್ನು ಕೊಲ್ಲಬಹುದು. ನಿಯಮ ಸರಿಯಾದದ್ದೇ. ಮಾರುವಾಗ ಅದನ್ನು ಮುಚ್ಚಿಟ್ಟದ್ದು ಅಕ್ಷಮ್ಯ. ಮಾರಿದವನ ಅಂಗಡಿಗೆ ಹೋಗಿ ನಾನು ಇದನ್ನು ಅವನ ಮುಖಕ್ಕೆ ಹೇಳಿದೆ. ಆತ ನನಗೊಂದು ಕ್ಯಾಲೆಂಡರ್ ಕೊಟ್ಟ.

ಕಡೆಗೆ ಬ್ಯಾಟರಿ ಹಾಕಿಸುವುದೆಂದು ತೀರ್ಮಾನವಾಯಿತು. ಹಳೆಯ ಇನ್ವರ್ಟರ್‌ಗೆ ಬ್ಯಾಟರಿ ಹೊಂದುವುದಿಲ್ಲವೆಂದು ಕೈಸರ್ ಅದನ್ನೇ ಬದಲಿಸಿದ. ಲೈನು ಹೋದಾಗ ಹೊಸದು ಬೀದಿಯ ತಂತಿಯಿಂದ ಮನೆಯನ್ನು ಬೇರ್ಪಡಿಸಿ, ಬಿಸಿಲು ಮತ್ತು ಬ್ಯಾಟರಿಯಿಂದ ನಡೆಸುತ್ತದೆ. ಆದರೆ ಇಡೀ ಮನೆಯನ್ನಲ್ಲ, ಆರಿಸಿದ ಒಂದು ಕೋಣೆಯನ್ನು ಮಾತ್ರ. ಯಾವ ಕೋಣೆಯೆಂದು ಅವನು ಕೇಳಿದ.

ಪಡಸಾಲೆ ಎಂದರು ಸಾಹೇಬರು.

ಯಂತ್ರವಿದ್ದದ್ದು ಒಳಕೋಣೆಯಲ್ಲಿ. ನಸೀಬಾ ವಾದಿಸಿದರು, ನಾನೂ ವಾದಿಸಿದೆ. ತಮಗೆ ಸಿಲಿಂಡರ್ ಸಾಕು, ಬಂದವರು ಬೆವರುತ್ತ ಕೂರುವುದು ಮನೆಗೆ ಶೋಭೆಯಲ್ಲ ಎಂದು ಅವರು ಪಟ್ಟು ಹಿಡಿದರು. ಮೂಗಿನಲ್ಲಿ ಕೊಳವೆ ಇಟ್ಟುಕೊಂಡು ಜನರೆದುರು ಕೂರಲು ಅವರು ಒಪ್ಪುತ್ತಿರಲಿಲ್ಲವೆಂಬುದು ನಮಗಿಬ್ಬರಿಗೂ ಗೊತ್ತಿತ್ತು. ಯಾರಾದರೂ ಬಂದರೆ ಅದನ್ನು ಕಳಚಿಟ್ಟು, ಅಂಗಿಯ ಗುಂಡಿ ಹಾಕಿಕೊಂಡು, ಪಡಸಾಲೆಗೆ ಬರುತ್ತಿದ್ದರು. ಸ್ವಲ್ಪ ಹೊತ್ತು ಹಾಗಿರಲು ವೈದ್ಯರ ಅನುಮತಿಯಿತ್ತು. ಆ ಸ್ವಲ್ಪ ಹೊತ್ತು ಎಷ್ಟೆಂಬುದು ಬಂದವರ ಕೈಯಲ್ಲಿರುತ್ತಿತ್ತು.

ಬಾಗೂರಿನ ಕುರಿಗಾಹಿ ಓಬಯ್ಯ ಅವರ ಹಳೆಯ ಸ್ನೇಹಿತ. ಅವನು ಬಂದ ದಿನ ನಾನೂ ಅಲ್ಲಿದ್ದೆ. ಚಹಾ ಮುಗಿಯುವ ಹೊತ್ತಿಗೆ ಲೈನು ಹೋಯಿತು. ಒಳಗೆ ಯಂತ್ರ ಕಿರುಚಿದ್ದು, ನಸೀಬಾ ಅದನ್ನು ಆರಿಸಿದ್ದು ಕೇಳಿಸಿತು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

"ಊರೆಲ್ಲ ಕರೆಂಟ್ ಹೋಗೈತೆ, ನಿಮ್ಮನೇಲಿ ಮಾತ್ರ ತಂಪೈತೆ," ಎಂದು ಓಬಯ್ಯ ಕಾಲು ಚಾಚಿದ. "ಎದ್ದೋಗು ಅಂದ್ರೂ ಹೋಗಲ್ಲ ಸಾಬ್ರೆ ಇವತ್ತು."

ಸಾಹೇಬರು ನಕ್ಕರು. ಓಬಯ್ಯ ಬಸ್ಸು ಹತ್ತಿ ಸೀಟು ಬಿಡದೆ ಕುಳಿತ ತನ್ನ ಟಗರಿನ ಕಥೆ ತೆಗೆದ. ಸಾಹೇಬರ ಬೆರಳುಗಳು ಕುರ್ಚಿಯ ಕೈಯನ್ನು ಬಿಗಿಹಿಡಿದವು, ತುಟಿಗಳು ಕಪ್ಪಿಟ್ಟವು. ಓಬಯ್ಯನೂ ಏಳಲೆಂದು ನಾನು ಎದ್ದು ನಿಂತೆ.

"ಕುಂತ್ಕಳ್ರಿ ಮೇಷ್ಟ್ರೆ, ಕಂಡಕ್ಟರ್ ಬರೋದು ಇನ್ನೂ ಐತೆ," ಎಂದ ಅವನು.

ಒಳಗಿನ ಸಿಲಿಂಡರ್ ತುಂಬಿಸಲು ಚಿತ್ರದುರ್ಗಕ್ಕೆ ಹೋಗಿದೆಯೆಂದು ನನಗೆ ತಿಳಿದಿರಲಿಲ್ಲ. ಸಾಹೇಬರಿಗೆ ತಿಳಿದಿತ್ತು. ಆದರೂ ಅವರು ಕೂತೇ ಇದ್ದರು.

ಆಗ ಒಳಬಾಗಿಲ ಪರದೆ ಸರಿಯಿತು. ನಸೀಬಾ ಯಂತ್ರವನ್ನು ಗಾಲಿಗಳ ಮೇಲೆ ಉರುಳಿಸುತ್ತ ಬಂದು, ಪಡಸಾಲೆಯ ಪ್ಲಗ್ಗಿಗೆ ಸಿಕ್ಕಿಸಿ, ಎಲ್ಲರೆದುರು ಗಂಡನ ಮೂಗಿಗೆ ಕೊಳವೆ ಇಟ್ಟರು.

"ಓಬಯ್ಯಣ್ಣ, ನೀವು ಏಳೋಗಂಟ ಇವ್ರು ಏಳಲ್ಲ. ಪ್ರಾಣ ಹೋದ್ರೂ ಏಳಲ್ಲ. ಅದಕ್ಕೆ ಇದನ್ನೇ ಇಲ್ಲಿಗೆ ತಂದೆ."

ಸಾಹೇಬರು ತಲೆ ತಗ್ಗಿಸಿದರು. ಓಬಯ್ಯ ಹೆಗಲ ಟವೆಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಒಂದು ಮರಿ ಕೆಮ್ಮಿದ್ರೂ ಹೆಗಲ ಮೇಲೆ ಹೊತ್ಕಂಡು ಹೋಗೋನು ನಾನು. ನನ್ ಮುಂದೆ ಉಸ್ರು ಕಟ್ಕಂಡು ಕುಂತಿದ್ರಲ್ಲ ಸಾಬ್ರೆ, ನಾನೇನು ಹೊರಗ್ನೋನಾ?"

ಸಾಹೇಬರು ಸ್ವಲ್ಪ ಚೇತರಿಸಿಕೊಂಡ ಮೇಲೆ ಕಥೆ ಮುಂದುವರಿಸುವಂತೆ ಕೈಸನ್ನೆ ಮಾಡಿದರು. ಟಗರು ಎಲ್ಲಿ ಇಳಿಯಿತೆಂಬುದನ್ನು ಕೇಳಿದ ಮೇಲೆಯೇ ಓಬಯ್ಯನನ್ನು ಬಿಟ್ಟದ್ದು.

ಅವನು ಎದ್ದಾಗ ಸಾಹೇಬರೂ ಎದ್ದರು. ಹೊಸ್ತಿಲ ಬಳಿ ಕೊಳವೆ ಬಿಗಿಯಿತು. ಅವರ ಕೈ ಅದನ್ನು ಕಳಚಲು ಮೂಗಿನ ಕಡೆಗೆ ಹೋಯಿತು. ಓಬಯ್ಯ ಆ ಕೈಯನ್ನು ಹಿಡಿದು, ಅವರನ್ನು ಹಿಂದಕ್ಕೆ ನಡೆಸಿ, ಕುರ್ಚಿಯಲ್ಲಿ ಕೂರಿಸಿದ.

"ಇವತ್ತು ನಿಮ್ಮನ್ನ ಕುರ್ಚಿಗಂಟ ನಾನೇ ಬಿಟ್ಟು ಹೋಗ್ತೀನಿ," ಎಂದ.

ಯಂತ್ರ ಈಗ ಪಡಸಾಲೆಯಲ್ಲೇ ಇದೆ. ಬಂದವರು ಹೊರಡುವಾಗ ಸಾಹೇಬರು ಹೊಸ್ತಿಲವರೆಗೆ ಬಂದು ನಿಲ್ಲುತ್ತಾರೆ. ಬೀದಿಯ ತಿರುವು ಅಲ್ಲಿಂದ ಕಾಣುವುದಿಲ್ಲ.