ತೂತು ಮೂವತ್ತೊಂದು, ಬೋಲ್ಟು ಮೂವತ್ತು

ಶುಕ್ರವಾರ, ಬೆಳಗಿನ ಐದೂಮುಕ್ಕಾಲು ಗಂಟೆ. ಕಾಟಿಪಳ್ಳದ ಒಂದು ಮನೆಯ ಸಿಟೌಟಿನಲ್ಲಿ ನೀಲಿ ಬಣ್ಣದ ಸ್ಪೋರ್ಟ್ಸ್ ಬೈಕು ಹಿಂದಿನ ಚಕ್ರವನ್ನು ಸ್ಟ್ಯಾಂಡಿನ ಮೇಲೆತ್ತಿ ನಿಂತಿದೆ. ಅದರ ಬದಿಯಲ್ಲಿ ಒಗೆದು ಇಸ್ತ್ರಿ ಮಾಡಿದ ಬಿಳಿ ಬೆಡ್‌ಶೀಟು ಹಾಸಿದೆ. ಮಗ್ದಲೀನ್ ರೆಬೆಲ್ಲೊ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಕೈಯಲ್ಲೊಂದು ಸೀಮೆಸುಣ್ಣದ ತುಂಡು ಹಿಡಿದು ಬೈಕಿಗೆ ನಿಧಾನವಾಗಿ ಒಂದು ಸುತ್ತು ಬರುತ್ತಾರೆ. ಸ್ಪಾನರನ್ನು ಇನ್ನೂ ಮುಟ್ಟಿಲ್ಲ. ಮನೆಯವರಿಗೆ ಮಾತ್ರ ಅಪ್ಪಣೆಯಾಗಿದೆ: ಪೆಟ್ರೋಲ್ ಟ್ಯಾಂಕ್ ಕೆಳಗಿಳಿದು ಅದರ ಪೈಪಿನ ಬಾಯಿ ಮುಚ್ಚುವ ತನಕ ಅಡುಗೆಮನೆಯಲ್ಲಿ ಗ್ಯಾಸ್ ಹಚ್ಚಬಾರದು. ದೇವರ ದೀಪವೂ ಆಮೇಲೆ.

ಮನೆಯ ಹಿರಿಯೆ ಅಮ್ಮಣಿಯವರಿಗೆ ಎದ್ದೊಡನೆ ಚಹಾ ಬೇಕು. ಪೆಟ್ರೋಲಿನ ದೆಸೆಯಿಂದ ತಾನೇಕೆ ಉಪವಾಸವಿರಬೇಕೆಂದು ಅವರು ಬಾಗಿಲಲ್ಲಿ ನಿಂತು ಕೇಳುತ್ತಾರೆ.

"ಚಾ ತಡ ಆದ್ರೆ ತಲೆನೋವು ಮಾತ್ರ ಅಮ್ಮ," ಎನ್ನುತ್ತಾರೆ ಮಗ್ದಲೀನ್, ತಲೆಯೆತ್ತದೆ. "ಬೇಗ ಆದ್ರೆ ಮನೆಗೆ ಮಾಡು, ಹಂಚು ಎಂತದೂ ಇರ್ಲಿಕ್ಕಿಲ್ಲ."

ಮಗ್ದಲೀನರಿಗೆ ಈಗ ಅರವತ್ತಮೂರು. ಸ್ಪೋರ್ಟ್ಸ್ ಬೈಕುಗಳ ಟ್ಯಾಂಕನ್ನೂ ಅದರ ಸುತ್ತಲಿನ ಪ್ಲಾಸ್ಟಿಕ್ ಹೊದಿಕೆಗಳನ್ನೂ ಬೈಕಿನ ಯಜಮಾನರ ಮನೆಯಂಗಳದಲ್ಲೇ ಬಿಚ್ಚಿ, ಒಳಗಿನ ಕೆಲಸ ಮುಗಿಸಿ, ಮತ್ತೆ ಇದ್ದಂತೆಯೇ ಜೋಡಿಸಿಕೊಡುವುದು ಅವರ ಕಸುಬು. ಇಂಥ ಬೈಕಿನ ಹೊದಿಕೆಗಳು ಒಳಗಿನ ಸಣ್ಣ ಕೊಂಡಿಗಳಿಂದ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಅವಸರದ ಕೈ ಎಳೆದರೆ ಕೊಂಡಿ ಮುರಿಯುತ್ತದೆ. ಮುರಿದ ಕೊಂಡಿ ಮತ್ತೆ ಕೂಡುವುದಿಲ್ಲ. ಆರು ವರ್ಷಗಳಲ್ಲಿ ಅವರು ಬಿಚ್ಚಿ ಮುಚ್ಚಿದ ಬೈಕುಗಳು ಇನ್ನೂರ ಹದಿನಾಲ್ಕು. ಮುರಿದ ಕೊಂಡಿಗಳು ಮೂರು, ಮೂರೂ ಮೊದಲನೆಯ ವರ್ಷದಲ್ಲಿ. ಕಳೆದುಹೋದ ಬೋಲ್ಟುಗಳು ಸೊನ್ನೆ.

ಅದಕ್ಕೂ ಹಿಂದೆ ಇಪ್ಪತ್ತೊಂಬತ್ತು ವರ್ಷ ಅವರು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನರ್ಸ್ ಆಗಿದ್ದವರು. ಒಂಬತ್ತು ವರ್ಷ ಮಂಗಳೂರಿನಲ್ಲಿ, ಇಪ್ಪತ್ತು ವರ್ಷ ಮಸ್ಕತ್ತಿನಲ್ಲಿ. ಪತಿ ಕಜೆಟನ್ ಕಂಕನಾಡಿಯಲ್ಲಿ ಪುಟ್ಟದೊಂದು ಗ್ಯಾರೇಜು ನಡೆಸುತ್ತಿದ್ದರು. ಹೆಂಡತಿ ನಿವೃತ್ತಳಾಗಿ ಊರಿಗೆ ಬಂದ ವರ್ಷವೇ ಗಂಡನ ಕೈ ನಡುಗಲಾರಂಭಿಸಿತು. ಇಂಜಿನಿನ ವಿದ್ಯೆ ತಲೆಯಲ್ಲಿ ಭದ್ರವಾಗಿತ್ತು, ಸ್ಕ್ರೂಡ್ರೈವರ್ ಮಾತ್ರ ಸ್ಕ್ರೂವಿನ ಸೀಳಿನಲ್ಲಿ ನಿಲ್ಲುತ್ತಿರಲಿಲ್ಲ. ಗ್ಯಾರೇಜಿನ ಬಾಗಿಲು ಹಾಕಿದ ಕಜೆಟನ್ ಮೂರು ತಿಂಗಳು ಮನೆಯಲ್ಲೇ ಕುಳಿತರು. ನಾಲ್ಕನೆಯ ತಿಂಗಳು ಮಗ್ದಲೀನ್ ಅವರ ಟೂಲ್ ಬಾಕ್ಸನ್ನು ಅಂಗಳಕ್ಕೆ ತಂದು, ಒಂದೊಂದರ ಹೆಸರು ಹೇಳಿಕೊಡುವಂತೆ ಎದುರು ಕುಳಿತರು.

"ತೆರೆಯುದು, ಮುಚ್ಚುದು ನನ್ನ ಕೆಲಸ. ಒಳಗೆ ಎಂತ ಆಗಿದೆ ಅಂತ ಹೇಳುದು ಇವರದ್ದು. ಅಲ್ಲಿ ಡಾಕ್ಟರ್, ಇಲ್ಲಿ ಇವರು. ವ್ಯತ್ಯಾಸ ಇಷ್ಟೇ, ಡಾಕ್ಟರು ನನಗೆ ಹೆದರ್ತಿದ್ದರು."

ಪಕ್ಕದ ಕುರ್ಚಿಯಲ್ಲಿರುವ ಕಜೆಟನ್ ಇದನ್ನು ಒಪ್ಪುವುದಿಲ್ಲ. ಮದುವೆಯಾದ ದಿನದಿಂದ ತಾನು ಹೆದರುತ್ತಲೇ ಬಂದಿದ್ದೇನೆ, ಲೆಕ್ಕಕ್ಕೆ ತೆಗೆದುಕೊಂಡವರಿಲ್ಲ ಎಂಬುದು ಅವರ ದೂರು.

ಆರಂಭದ ದಿನಗಳು ಸಲೀಸಾಗಿರಲಿಲ್ಲ. ಸ್ಕೂಟರಿನಲ್ಲಿ ಮುಂದೆ ಹೆಂಡತಿ, ಹಿಂದೆ ಟೂಲ್ ಬಾಕ್ಸ್ ಹಿಡಿದ ಗಂಡ ಬಂದಿಳಿದರೆ, ಬೈಕಿನವರು ನೇರವಾಗಿ ಗಂಡನ ಬಳಿಗೆ ಹೋಗುತ್ತಿದ್ದರು. ಮಗ್ದಲೀನ್ ನೆಲಕ್ಕೆ ಕುಳಿತು ಕೈಗೆ ಗ್ಲೌಸ್ ಹಾಕಿಕೊಂಡಾಗ ಕೆಲವರು ಬೈಕಿನ ಕೀ ಹಿಂದಕ್ಕೆ ಕೇಳಿದ್ದೂ ಉಂಟು. ಅವರು ಯಾರೊಂದಿಗೂ ವಾದಿಸಲಿಲ್ಲ. ಕೀ ಕೊಟ್ಟು, ಬೆಡ್‌ಶೀಟು ಮಡಚಿ, ಸ್ಕೂಟರ್ ಹತ್ತಿ ಬಂದರು. ಹಾಗೆ ಕೀ ಹಿಂದಕ್ಕೆ ಪಡೆದ ಏಳು ಮಂದಿಯಲ್ಲಿ ಐವರು ಈಗ ಅವರ ಖಾಯಂ ಗಿರಾಕಿಗಳು. ಎಲ್ಲರೂ ಕರೆಯುವುದು ‘ಸಿಸ್ಟರ್’ ಎಂದೇ.

ಅವರ ಕೆಲಸದ ಕ್ರಮ ಬೇರಾವ ಗ್ಯಾರೇಜಿನಲ್ಲೂ ಕಾಣದಂಥದ್ದು. ಬಿಚ್ಚಿದ ಬೋಲ್ಟುಗಳನ್ನು ಎಣಿಸುವುದು ಎಲ್ಲರೂ ಮಾಡುವುದೇ. ಮಗ್ದಲೀನ್ ಮೊದಲು ಎಣಿಸುವುದು ಬೋಲ್ಟು ಕೂರಬೇಕಾದ ತೂತುಗಳನ್ನು. ಒಂದೊಂದು ಪದರ ತೆರೆದಂತೆ ಆ ಪದರದ ತೂತುಗಳ ಸಂಖ್ಯೆಯನ್ನು ನೆಲದ ಮೇಲೆ ಬರೆಯುತ್ತಾರೆ. ಆಮೇಲೆಯೇ ಕೈ ಹಾಕುವುದು.

"ಬೋಲ್ಟು ಎಣಿಸಿದರೆ ಇದ್ದದ್ದು ಮಾತ್ರ ಗೊತ್ತಾಗ್ತದೆ. ತೂತು ಎಣಿಸಿದರೆ ಇಲ್ಲದ್ದೂ ಗೊತ್ತಾಗ್ತದೆ."

ಈ ಶುಕ್ರವಾರದ ಬೈಕು ಅಮ್ಮಣಿಯವರ ಮೊಮ್ಮಗಳು ಪ್ರಾಪ್ತಿಯದು. ಇಪ್ಪತ್ತಾರರ ಪ್ರಾಪ್ತಿ ಸುರತ್ಕಲ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತ, ಎರಡು ವರ್ಷ ರಜಾದಿನಗಳಲ್ಲೆಲ್ಲ ರೇಸಿನ ಅಭ್ಯಾಸ ಮಾಡಿದವಳು. ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಭಾನುವಾರ ಅವಳ ಮೊದಲ ರೇಸು. ಶನಿವಾರ ಬೆಳಿಗ್ಗೆ ಎಂಟಕ್ಕೆ ಬೈಕಿನ ತಪಾಸಣೆ. ಆ ಹೊತ್ತಿಗೆ ಬೈಕು ಅಲ್ಲಿರದಿದ್ದರೆ ಹೆಸರು ರದ್ದು. ವರ್ಷದ ಕೊನೆಯ ಸುತ್ತು ಇದು. ಬದಲಿಸಬೇಕಾಗಿದ್ದ ಪೆಟ್ರೋಲ್ ಪೈಪು ಮತ್ತು ಗಾಳಿಯ ಫಿಲ್ಟರು ಕೊರಿಯರಿನಲ್ಲಿ ಕೈಸೇರಿದ್ದು ಗುರುವಾರ ಸಂಜೆ. ಬೈಕು ಒಯ್ಯುವ ಟೆಂಪೊ ಒಂಬತ್ತೂವರೆಯೊಳಗೆ ಹೊರಡಲೇಬೇಕು.

ಸೀಟು ಕಳಚುತ್ತದೆ. ಬ್ಯಾಟರಿಯ ವಯರು ಬಿಡುತ್ತದೆ. ಎರಡು ಬದಿಯ ಹೊದಿಕೆಗಳು, ಟಕ್ ಎಂಬ ಸದ್ದೂ ಇಲ್ಲದೆ, ಬೆಡ್‌ಶೀಟಿನ ಮೇಲೆ ತಮ್ಮ ತಮ್ಮ ಸ್ಥಾನಕ್ಕೆ ಬರುತ್ತವೆ. ಟ್ಯಾಂಕಿನ ಮುಂದಿನ ಬೋಲ್ಟು ತೆಗೆದು ಅದನ್ನು ತುಸು ಎತ್ತಿ, ಪೈಪಿನ ಕೀಲಿಗೆ ಬಟ್ಟೆ ಸುತ್ತಿ ಬಿಡಿಸಿದಾಗ ಒಳಗುಳಿದಿದ್ದ ಪೆಟ್ರೋಲು ಬಟ್ಟೆಗೆ ಇಳಿಯುತ್ತದೆ. ಪಂಪಿನ ವಯರು, ಎರಡು ಸಣ್ಣ ಪೈಪು, ಅಷ್ಟೇ. ಆರೂ ಇಪ್ಪತ್ತೈದಕ್ಕೆ ಟ್ಯಾಂಕು ಹಳೆಯ ಟಯರಿನ ಮೇಲೆ ಹೊರಗಿನ ಗಾಳಿಯಲ್ಲಿ ಕುಳಿತಿದೆ. ಅಮ್ಮಣಿಯವರಿಗೆ ಒಲೆ ಹಚ್ಚಲು ಅನುಮತಿ ಸಿಗುತ್ತದೆ.

ಟ್ಯಾಂಕಿನ ಅಡಿಯಲ್ಲಿರುವುದು ಗಾಳಿಯ ಪೆಟ್ಟಿಗೆ. ಇಂಜಿನ್ನು ಉಸಿರೆಳೆಯುವುದು ಇದರ ಮೂಲಕ. ಇದರ ಮುಚ್ಚಳದ ಮೇಲೆ ಎಂಟು ತೂತು, ಬೋಲ್ಟು ಏಳು. ನೆಲದ ಮೇಲಿನ ಮೊತ್ತ ಹೀಗಿದೆ: ಎರಡು ಬದಿಗೆ ಏಳೇಳು, ಸೀಟಿಗೆ ಎರಡು, ಟ್ಯಾಂಕಿನ ಹೊದಿಕೆಗೆ ನಾಲ್ಕು, ಟ್ಯಾಂಕಿಗೆ ಮೂರು, ಪೆಟ್ಟಿಗೆಗೆ ಎಂಟು. ಒಟ್ಟು ಮೂವತ್ತೊಂದು. ಕೈಗೆ ಬಂದದ್ದು ಮೂವತ್ತು.

ಬೈಕನ್ನು ಕಳೆದ ವರ್ಷ ಬೇರೊಬ್ಬರಿಂದ ಕೊಂಡದ್ದು, ಆ ಬೋಲ್ಟು ಎಲ್ಲೋ ದಾರಿಯಲ್ಲಿ ಬಿದ್ದಿರಬೇಕು, ಹೊಸದೊಂದನ್ನು ಹಾಕಿದರೆ ಮುಗಿಯಿತು ಎನ್ನುತ್ತಾಳೆ ಪ್ರಾಪ್ತಿ. ಕಜೆಟನ್ ಡಬ್ಬಿಯಲ್ಲಿ ಅಳತೆಗೆ ಸರಿಯಾದ ಬೋಲ್ಟು ಹುಡುಕಿಯೂ ಆಗಿದೆ. ಮಗ್ದಲೀನ್ ಕೈ ನೀಡುವುದಿಲ್ಲ. ಟಾರ್ಚು ಹಿಡಿದು ಮುಚ್ಚಳವನ್ನು ತೋರಿಸುತ್ತಾರೆ. ಏಳು ತೂತುಗಳ ಸುತ್ತ ಬೋಲ್ಟಿನ ತಲೆ ಕೂತಿದ್ದ ಕಡೆ ದುಂಡಗೆ ಸ್ವಚ್ಛವಾಗಿದೆ. ಎಂಟನೆಯದರ ಅಂಚಿನ ತನಕ ಧೂಳು ಮೆತ್ತಿದೆ. ಎಂದರೆ ಈ ಮುಚ್ಚಳವನ್ನು ಕೊನೆಯ ಬಾರಿ ಹಾಕಿದಾಗಲೇ ಇಲ್ಲಿ ಬೋಲ್ಟು ಕೂರಲಿಲ್ಲ. ಪೆಟ್ಟಿಗೆ ತೆರೆದಿದ್ದ ಹೊತ್ತಿನಲ್ಲೇ ಅದು ಯಾರದೋ ಕೈಯಿಂದ ಜಾರಿರಬೇಕು.

"ದಾರಿಗೆ ಬಿದ್ದದ್ದಲ್ಲ ಮಗಾ ಇದು. ಒಳಗೆ ಉಂಟಾ ಇಲ್ವಾ ನೋಡದೆ ನಾನು ಮುಚ್ಚುದಿಲ್ಲ."

ಪೆಟ್ಟಿಗೆಯ ತಳದಲ್ಲಿ ಇಂಜಿನ್ನಿನ ನಾಲ್ಕು ಬಾಯಿಗಳು ತೆರೆದುಕೊಂಡಿವೆ. ಫಿಲ್ಟರು ಎತ್ತಿದೊಡನೆ ಮಗ್ದಲೀನ್ ನಾಲ್ಕಕ್ಕೂ ಬಟ್ಟೆಯ ಉಂಡೆ ತುರುಕಿದ್ದಾರೆ. ಪ್ರತಿ ಉಂಡೆಗೂ ಹೊರಗೆ ಇಳಿಬಿಟ್ಟ ಬಿಳಿ ಲಾಡಿ ಉಂಟು, ಒಳಗೆ ಮರೆತುಹೋಗದಂತೆ. ಟಾರ್ಚಿನ ಬೆಳಕಿಗೆ ಏನೂ ಕಾಣುವುದಿಲ್ಲ. ಕಜೆಟನ್ನರ ಆಯಸ್ಕಾಂತ ಬರಿಗೈಯಲ್ಲಿ ಬರುತ್ತದೆ. ಈ ಬೋಲ್ಟುಗಳು ಆಯಸ್ಕಾಂತಕ್ಕೆ ಅಂಟದ ಸ್ಟೀಲಿನವು.

ಎಂಟು ಗಂಟೆಗೆ ಟೆಂಪೊ ಬರುತ್ತದೆ. ಚಾಲಕ ಕಮರುದ್ದೀನ್ ಬಿಚ್ಚಿ ಹರಡಿದ ಬೈಕನ್ನು ನೋಡಿ, ಇದನ್ನು ಗೋಣಿಯಲ್ಲಿ ತುಂಬಿಸುವುದೋ ಹಗ್ಗದಲ್ಲಿ ಕಟ್ಟುವುದೋ ಎಂದು ವಿಚಾರಿಸುತ್ತಾರೆ. ಯಾರೂ ನಗುವುದಿಲ್ಲ. ಎಂಟೂ ಇಪ್ಪತ್ತಕ್ಕೆ ಪ್ರಾಪ್ತಿ ಮಗ್ದಲೀನರ ಎದುರು ಬಂದು ಕೂರುತ್ತಾಳೆ.

"ಸಿಸ್ಟರ್, ಎರಡು ವರ್ಷ ಆಯ್ತು ನಾನು ಇದಕ್ಕೆ ಕಾದು. ಒಂದು ಬೋಲ್ಟಿಗೋಸ್ಕರ ಬಿಡ್ಬೇಕಾ?"

ಮಗ್ದಲೀನರ ಉತ್ತರದಲ್ಲಿ ಬಿಸಿಯಿಲ್ಲ. "ನೀನು ಅಲ್ಲಿ ಬೈಕನ್ನು ಮಲಗಿಸಿ ತಿರುಗಿಸ್ತಿ. ಆಗ ಅದು ಬಾಯಿಯೊಳಗೆ ಹೋದ್ರೆ ಇಂಜಿನ್ ಅಲ್ಲೇ ನಿಲ್ತದೆ. ಹಿಂದಿನಿಂದ ಹದಿನೇಳು ಬೈಕು ಬರ್ತಾ ಇರ್ತದೆ. ಬೇಡ ಅಂತಾದ್ರೆ ಕೀ ತಕೋ. ಮುಚ್ಚಲಿಕ್ಕೆ ಬೇರೆಯವರನ್ನು ಕರಿ."

ಪ್ರಾಪ್ತಿ ಕೀ ತೆಗೆದುಕೊಳ್ಳುವುದಿಲ್ಲ. ಟಾರ್ಚು ತೆಗೆದುಕೊಳ್ಳುತ್ತಾಳೆ.

ಮಗ್ದಲೀನ್ ಚೀಲದಿಂದ ಹಿಡಿಯುಳ್ಳ ಸಣ್ಣ ದುಂಡು ಕನ್ನಡಿಯನ್ನು ಹೊರತೆಗೆದು ಪೆಟ್ಟಿಗೆಯೊಳಗೆ ಇಳಿಸುತ್ತಾರೆ. ಮೊದಲನೆಯ ಬಾಯಿಯ ಹಿಂದೆ ಇಲ್ಲ. ಎರಡನೆಯದರ ಹಿಂದೆ ಇಲ್ಲ. ಮೂರನೆಯದರ ಹಿಂದೆ, ನೇರ ದೃಷ್ಟಿ ತಲುಪದ ಸಂದಿಯಲ್ಲಿ, ಹಳೆಯ ಎಣ್ಣೆಯ ಜಿಡ್ಡಿಗೆ ಅಂಟಿಕೊಂಡು ಅಕ್ಕಿಕಾಳಿಗಿಂತ ತುಸು ದೊಡ್ಡದೊಂದು ಹೊಳಪು. ಬಾಯಿಯ ಅಂಚಿಗೂ ಅದಕ್ಕೂ ಎರಡು ಬೆರಳಿನ ಅಂತರ. ಮಗ್ದಲೀನ್ ನಿವೃತ್ತಿಯ ದಿನ ಜೊತೆಯವರು ಕೊಟ್ಟ ಉದ್ದ ಮೂತಿಯ ಇಕ್ಕಳವನ್ನು ಒಳಗಿಳಿಸುತ್ತಾರೆ. ಮೊದಲ ಹಿಡಿತ ಜಾರುತ್ತದೆ. ಎರಡನೆಯದು ಜಾರುವುದಿಲ್ಲ.

ಗಂಟೆ ಎಂಟೂ ನಲವತ್ತು. ಬೋಲ್ಟನ್ನು ಬೆಡ್‌ಶೀಟಿನ ಮೇಲೆ ಇಟ್ಟಾಗ ಕಮರುದ್ದೀನ್ ಟೆಂಪೊದಿಂದ ಇಳಿದುಬಂದು ಬಗ್ಗಿ ನೋಡುತ್ತಾರೆ. ಅಮ್ಮಣಿ ಇಡೀ ಪಾತ್ರೆಯ ಚಹಾವನ್ನು ಮಗ್ದಲೀನರ ಮುಂದೆಯೇ ತಂದಿಡುತ್ತಾರೆ. ಕುಡಿಯಲು ಸಮಯವಿಲ್ಲ. ನಾಲ್ಕು ಬಟ್ಟೆ ಹೊರಗೆ; ಹೊಸ ಫಿಲ್ಟರು, ಹೊಸ ಪೈಪು, ಮೂವತ್ತೊಂದು ಬೋಲ್ಟು ಒಳಗೆ. ಒಂಬತ್ತೂ ಇಪ್ಪತ್ತಕ್ಕೆ ಬೈಕು ಮೊದಲ ಒತ್ತಿಗೆ ಚಾಲೂ ಆಗುತ್ತದೆ. ಅದನ್ನು ಹೇರಿಕೊಂಡು ಟೆಂಪೊ ಹೊರಡುವಾಗ ಗಡುವಿಗೆ ಇನ್ನೂ ಒಂದು ನಿಮಿಷ ಬಾಕಿ.

ಭಾನುವಾರ ಹದಿನೆಂಟು ಬೈಕುಗಳು ಹೊರಡುತ್ತವೆ. ಹತ್ತು ಸುತ್ತು. ಹನ್ನೊಂದನೆಯವಳಾಗಿ ಹೊರಟ ಪ್ರಾಪ್ತಿ ಐದನೆಯ ಸುತ್ತಿಗೆ ಆರನೆಯವಳು, ಎಂಟನೆಯ ಸುತ್ತಿಗೆ ಮೂರನೆಯವಳು. ಕೊನೆಯ ತಿರುವಿನಲ್ಲಿ, ಮೊಣಕಾಲು ನೆಲಕ್ಕೆ ಸವರುವಷ್ಟು ಬೈಕನ್ನು ಮಲಗಿಸಿ, ಇನ್ನೊಬ್ಬನನ್ನು ಹಿಂದೆ ಹಾಕಿ ಎರಡನೆಯ ಸ್ಥಾನಕ್ಕೆ ಗೆರೆ ದಾಟುತ್ತಾಳೆ. ಅಲ್ಲಿಂದ ಅವಳ ಮೊದಲ ಫೋನು ಕಾಟಿಪಳ್ಳಕ್ಕೆ, ಎರಡನೆಯದು ಕಂಕನಾಡಿಗೆ.

ಆ ಸಂಜೆ ಕಂಕನಾಡಿಯ ಮನೆಯಲ್ಲಿ ಮಗ್ದಲೀನ್ ಮೊಬೈಲಿನಲ್ಲಿ ಬಂದ ವಿಡಿಯೊವನ್ನು ನೋಡುತ್ತಿದ್ದಾರೆ. ಐದನೆಯ ಸಲ ಎಂಬುದು ಕಜೆಟನ್ನರ ಲೆಕ್ಕ. ಮೂರನೆಯದು ಎಂದು ಮಗ್ದಲೀನರ ವಾದ. ನೀಲಿ ಬೈಕು ಕೊನೆಯ ತಿರುವಿನಿಂದೆದ್ದು ನೇರ ದಾರಿಗೆ ಬಂದು ಕಣ್ಮರೆಯಾಗುವ ತನಕ ಅವರು ಪರದೆಯಿಂದ ಕಣ್ಣು ತೆಗೆಯುವುದಿಲ್ಲ. ಸಂತೋಷವಾಯಿತೇ ಎಂದು ಕೇಳಿದರೆ ಮೊಬೈಲನ್ನು ಮೇಜಿನ ಮೇಲಿಟ್ಟು ಹೇಳುತ್ತಾರೆ:

"ಇಪ್ಪತ್ತೊಂಬತ್ತು ವರ್ಷ ನನ್ನ ಕೈಗೆ ಬಂದವರೆಲ್ಲ ಮಲಗಿಯೇ ಇದ್ದರು. ಎಚ್ಚರ ಆಗುವ ಮೊದಲೇ ವಾರ್ಡಿಗೆ ಕೊಂಡುಹೋಗ್ತಿದ್ದರು. ಆಮೇಲೆ ಅವರು ಎದ್ದು ನಡೆದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಇದು ಓಡಿದ್ದನ್ನು ನೋಡಿದೆ."