ನಾದಿನಿ ಪಾಸು ಮಾಡಿದ ಹಾವು

ನನ್ನ ಗಂಡನ ತಂಗಿ ಬಟ್ಟೆ ಕಾರ್ಖಾನೆಯಲ್ಲಿ ಚೆಕ್ಕರ್. ಹೊಲಿದು ಬಂದ ಅಂಗಿಯನ್ನು ದೀಪದ ಕೆಳಗೆ ಹಿಡಿದು ತಪ್ಪು ಹುಡುಕುವುದು ಅವಳ ಕೆಲಸ. ತಪ್ಪಿದ್ದ ಕಡೆ ಕೆಂಪು ಸ್ಟಿಕ್ಕರ್ ಅಂಟಿಸುತ್ತಾಳೆ. ಮನೆಗೆ ಬಂದರೂ ಅವಳ ಕಣ್ಣು ಸುಮ್ಮನಿರುವುದಿಲ್ಲ. ನಾನು ಮಡಿಚಿದ ಹಾಸಿಗೆ, ತೊಳೆದ ಪಾತ್ರೆ, ಯಾವುದೂ ಸರಿಯಿಲ್ಲ. ಅವಳ ಅಣ್ಣ ನನ್ನನ್ನು ಮೊದಲ ಸಲ ಮನೆಗೆ ಕರೆತಂದಾಗಲೇ ರಿಜೆಕ್ಟ್ ಅಂದಿದ್ದಳಂತೆ. ಅವರು ಕೇಳಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಈಗ ಮನೆಯಲ್ಲಿ ನಾವಿಬ್ಬರೇ. ನನ್ನ ಗಂಡ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದರು. ಖಾಲಿ ಡಬ್ಬಿಗಳಲ್ಲಿ ಗಿಡ ಹಾಕಿದ್ದರು. ಹಿತ್ತಲ ಗೋಡೆಯುದ್ದಕ್ಕೂ ಅವೇ. ಯಾರದೋ ಮನೆಯ ಹಳದಿ, ಯಾರದೋ ಮನೆಯ ನೀಲಿ ಡಬ್ಬಿಯ ಮೈಮೇಲೆ ಇಳಿದು ಒಣಗಿದೆ. ಬೆಳಿಗ್ಗೆ ಅವಕ್ಕೆ ನೀರು ಹಾಕಬೇಕು. ಆ ಕೆಲಸ ಇಲ್ಲದಿದ್ದರೆ ಏಳುತ್ತಿದ್ದೆನೋ ಇಲ್ಲವೋ.

ಭಾನುವಾರ ನಿಂಬೆ ಗಿಡದ ಡಬ್ಬಿ ಸರಿಸಿದೆ. ಕೆಳಗೆ ಕಪ್ಪು ಎರೆಹುಳ. ಮಣ್ಣಿಗೆ ಹಾಕೋಣವೆಂದು ಬೆರಳಲ್ಲಿ ಎತ್ತಿದೆ. ಲೋಳೆ ಇರಲಿಲ್ಲ, ಒಣಗಿ ನುಣ್ಣಗಿತ್ತು. ಒಂದು ತುದಿಯಿಂದ ದಾರದೆಳೆಯಂಥ ನಾಲಿಗೆ ಹೊರಗೆ ಬಂತು. ಕಿರುಚಿ ಕೊಡವಿದೆ.

ನಾದಿನಿ ಓಡಿ ಬಂದು ಗಾಜಿನ ಲೋಟ ಕವುಚಿದಳು. "ಹಾವಿನ ಮರಿ ಅತ್ತಿಗೆ! ತಾಯಿ ಇಲ್ಲೇ ಎಲ್ಲೋ ಇರುತ್ತೆ. ಈ ಡಬ್ಬಿ ಒಂದೂ ಬೇಡ, ಎಲ್ಲಾ ಎಸೆಯೋಣ."

"ಈ ಡಬ್ಬಿಗಳನ್ನ ಎಸೆಯೋದಾದ್ರೆ ನನ್ನನ್ನೂ ಜೊತೆಗೆ ಎಸಿ."

ಅವಳು ಲೋಟದ ಕೆಳಗೆ ರಟ್ಟು ತೂರಿಸಿ, ಬೀದಿ ಕೊನೆಯ ಸಸಿ ಮಾರುವವನ ಹತ್ತಿರ ಹೊರಟಳು. ನಾನು ಹಿಂದೆ.

ಅವನು ನೋಡಿ ನಕ್ಕ. "ಮರಿ ಅಲ್ಲಕ್ಕ, ಇದು ಬೆಳೆಯೋದೇ ಇಷ್ಟು. ಕುರುಡು ಹಾವು, ವಿಷ ಇಲ್ಲ. ಇರುವೆ ಮೊಟ್ಟೆ ತಿಂದ್ಕೊಂಡು ಮಣ್ಣಲ್ಲಿರುತ್ತೆ. ನಾನು ಕೊಟ್ಟ ಗಿಡದ ಜೊತೆನೇ ಬಂದಿರಬೇಕು."

"ಹಾವನ್ನೂ ಮಾರ್ತೀಯಾ?" ಎಂದಳು ನಾದಿನಿ.

"ಅದು ಪುಕ್ಕಟೆ. ಇದ್ರಲ್ಲಿ ಗಂಡೇ ಇಲ್ಲ, ಗೊತ್ತಾ? ಎಲ್ಲಾ ಹೆಣ್ಣೇ. ಒಂಟಿಯಾಗೇ ಸಂಸಾರ ಮಾಡುತ್ತೆ."

ನಾದಿನಿ ಮದುವೆಯಾದವಳಲ್ಲ. ಲೋಟವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. "ಅಯ್ಯೋ, ಹಾಗಾದ್ರೆ ಇದು ನಮ್ಮನೆಯವಳೇ ಅತ್ತಿಗೆ."

ನಾನು ನಕ್ಕುಬಿಟ್ಟೆ. ಬೀದಿಯಲ್ಲಿ ನಿಂತು, ಬಾಯಿಗೆ ಸೆರಗೂ ಅಡ್ಡ ಹಿಡಿಯದೆ.

ಆದರೂ ಅವನ ಮಾತನ್ನು ಅವಳು ಪೂರ್ತಿ ನಂಬಲಿಲ್ಲ. ಮನೆಗೆ ಬಂದು ಕನ್ನಡಕ ಹಾಕಿ, ಲೋಟವನ್ನು ದೀಪದ ಕೆಳಗಿಟ್ಟು ತಲೆಯಿಂದ ಬಾಲದವರೆಗೆ ನೋಡಿದಳು. "ಎರೆಹುಳದ ಥರ ಉಂಗುರ ಇಲ್ಲ. ಈ ಎರಡು ಚುಕ್ಕಿ ಕಣ್ಣಿರಬೇಕು. ಎಷ್ಟು ಸಣ್ಣ ಹುರುಪೆ, ಎಲ್ಲೂ ಒಂದು ಹೊಲಿಗೆ ತಪ್ಪಿಲ್ಲ." ಆಮೇಲೆ ಎಂದಳು, "ಪಾಸ್."

ಈ ಮನೆಯಲ್ಲಿ ಅವಳು ಪಾಸು ಮಾಡಿದ್ದು ಅದೊಂದನ್ನೇ.

ತಾನೇ ಹೋಗಿ ಅದನ್ನು ನಿಂಬೆ ಗಿಡದ ಬುಡಕ್ಕೆ ಬಿಟ್ಟಳು. ಹಾವು ಮಣ್ಣೊಳಗೆ ನುಸುಳಿ ಹೋಯಿತು. ಡಬ್ಬಿಯನ್ನು ನಾನು ಮೊದಲಿದ್ದ ಜಾಗಕ್ಕೆ ಎಳೆದಿಟ್ಟೆ.

"ವಾರೆ ಇದೆ," ಎಂದಳು.

"ನಿಮ್ಮಣ್ಣ ಹಾಗೇ ಇಟ್ಟಿದ್ರು."

"ಅವನಿಗೆ ಯಾವತ್ತು ನೆಟ್ಟಗೆ ಇಡೋಕೆ ಬರ್ತಿತ್ತು?" ಎಂದು ಕೈ ತೊಳೆಯಲು ಹೋದಳು. ಡಬ್ಬಿ ಮುಟ್ಟಲಿಲ್ಲ.