ಮಾಳಕ್ಕನ ಫ್ರಿಜ್ಜು

ನಮ್ಮ ಭಾವ ರಂಗಪ್ಪನವರಿಗೆ ಜನ ಬೇಕು. ಒಂದು ಹೊತ್ತು ಊಟ ಬಿಟ್ಟಾರು, ಆದರೆ ಎದುರಿಗೆ ನಾಲ್ಕು ಜನ ಕೂತು ಹರಟದಿದ್ದರೆ ಅವರಿಗೆ ದಿನ ಕಳೆಯುವುದಿಲ್ಲ. ಒಳ್ಳೆಯ ಮನುಷ್ಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರನ್ನು ಬೈಯುವುದಿದೆ. ಉಡುತಡಿಯಲ್ಲಿ ಅವರದು ಎರಡು ಎಕರೆ ಜೋಳದ ಹೊಲ, ಜೊತೆಗೆ ಕುರಿ. ಸುತ್ತಲಿನ ಕುರಿ ಸಾಕುವವರೆಲ್ಲ ಸೇರಿ ಮಾಡಿಕೊಂಡ ಸಂಘಕ್ಕೆ ಅವರೇ ಅಧ್ಯಕ್ಷರು. ಮೂರು ವರ್ಷದ ಕೆಳಗೆ ಮಂದೆ ಕಡಿಮೆ ಮಾಡಿದಾಗ ಮನೆಯ ಹಿಂದಿನ ಕುರಿದೊಡ್ಡಿ ಖಾಲಿ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಸೌದೆ ಒಟ್ಟುತ್ತಿದ್ದರು. ಇವರು ನೆಲಕ್ಕೆ ಸಿಮೆಂಟು ಹಾಕಿಸಿ, ಮೇಲೆ ತಗಡು ಹೊದಿಸಿ, ಎರಡು ಫ್ಯಾನು ತೂಗುಹಾಕಿ, ಸುತ್ತ ಕಲ್ಲಿನ ಬೆಂಚು ಕಟ್ಟಿಸಿದರು. ಅಂದಿನಿಂದ ಪ್ರತಿ ಭಾನುವಾರ ಸಂಘ ಅಲ್ಲೇ ಸೇರುತ್ತದೆ. ಮೀಟಿಂಗು ಅರ್ಧ ಗಂಟೆ, ಮಾತು ಸಂಜೆಯವರೆಗೆ.

ಬಂದವರ ಕೈಗೆ ತಣ್ಣಗಿನದು ಒಂದು ಲೋಟ ಕೊಡಬೇಕು. ಕೊಡುವವಳು ನಮ್ಮಕ್ಕ ಮಾಳಮ್ಮ.

ಭಾವ ಜಾಗ ಕಟ್ಟಿಸಿದರು, ಫ್ರಿಜ್ಜು ತಂದರು, ಅಲ್ಲಿಗೆ ಅವರ ಕೆಲಸ ಮುಗಿಯಿತು. ಅಕ್ಕನದು ಶನಿವಾರ ಸಂಜೆಯೇ ಶುರು. ಮನೆಯಲ್ಲಿರುವ ಬಟ್ಟಲು, ಟಿಫನ್ ಡಬ್ಬಿ, ಲೋಟಗಳಿಗೆಲ್ಲ ನೀರು ತುಂಬಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಐಸು ಕಟ್ಟಿಸುತ್ತಾಳೆ. ದೊಡ್ಡ ಗಟ್ಟಿ ಬೇಗ ಕರಗುವುದಿಲ್ಲ, ಸಣ್ಣ ಚೂರು ಬಿಸಿಲು ಕಂಡರೆ ಸಾಕು ನೀರಾಗುತ್ತದೆ, ಅದು ಅವಳ ಲೆಕ್ಕ. ಬೆಳಿಗ್ಗೆ ಒಂದು ಅಗಲದ ಬಾನಿಯನ್ನು ಹಿತ್ತಲಿಗೆ ಎಳೆದು, ಅಡಿಗೆ ಭತ್ತದ ಹೊಟ್ಟಿನ ಚೀಲ ಹಾಸಿ, ಐಸಿನ ಮೇಲೆ ಒಂದು ಹಿಡಿ ಕಲ್ಲುಪ್ಪು ಎಸೆದು, ಸೋಡಾ ಮತ್ತು ಜ್ಯೂಸಿನ ಬಾಟಲಿಗಳನ್ನು ಒಂದೊಂದಾಗಿ ಅದರಲ್ಲಿ ಹೂಳುತ್ತಾಳೆ. ಮೇಲೆ ಒದ್ದೆ ಗೋಣಿತಟ್ಟು. ಮಜ್ಜಿಗೆಗೆ ಬೇರೆ ಮಣ್ಣಿನ ಗಡಿಗೆ. ಬಿಸಿಲು ತಿರುಗಿದ ಹಾಗೆ ಬಾನಿಯೂ ತಿರುಗಬೇಕು. ಹನ್ನೊಂದಕ್ಕೆ ಗೋಡೆಯ ಪಕ್ಕ, ಎರಡಕ್ಕೆ ಹುಣಸೆಮರದ ಬುಡ. ಆ ಭಾರದ ಬಾನಿಯನ್ನು ಎಳೆಯುವವಳೂ ಅವಳೇ. ಬೆಂಚಿನ ಮೇಲೆ ಕೂತ ಹದಿನೈದು ಗಂಡಸರಲ್ಲಿ ಒಬ್ಬರಿಗೂ ಕೈ ಇರಲಿಲ್ಲ ಅನ್ನಿಸುತ್ತದೆ.

ಇಷ್ಟೆಲ್ಲ ನಾನು ಕಣ್ಣಾರೆ ನೋಡಿದ್ದು. ನನ್ನ ಹೆಸರು ಮೀನಾ. ಅಕ್ಕನಿಗಿಂತ ಹದಿಮೂರು ವರ್ಷ ಚಿಕ್ಕವಳು. ಸೊರಬದ ಹತ್ತಿರ ಜಡೆಗೆ ನನ್ನನ್ನು ಕೊಟ್ಟಿದ್ದಾರೆ, ಅಲ್ಲೇ ಆಶಾ ಕಾರ್ಯಕರ್ತೆ. ಬಸುರಿಯರ ಮನೆಗೆ ಹೋಗುವುದು, ಮಾತ್ರೆ ಕೊಡುವುದು, ಮಕ್ಕಳನ್ನು ಲಸಿಕೆಗೆ ಕರೆತರುವುದು ನನ್ನ ಕೆಲಸ. ತಿಂಗಳಿಗೊಮ್ಮೆ ಬಸ್ಸು ಬದಲಿಸಿಕೊಂಡು ಉಡುತಡಿಗೆ ಹೋಗಿ, ಅಕ್ಕನ ಜೊತೆ ಒಂದು ದಿನ ಇದ್ದು, ಭಾವನ ಜೊತೆ ಜಗಳ ಮಾಡಿ ಬರುತ್ತೇನೆ.

ಅಕ್ಕನಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆಯಲ್ಲೇ ನಡೆದಿತ್ತು. ಈ ವರ್ಷದ ಮಾರ್ಚಿನಲ್ಲಿ ಡಾಕ್ಟರು ಮಾತ್ರೆ ಸಾಲದು, ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದರು. ಅವಳು ಹೆದರಲಿಲ್ಲ. ಸೂಜಿ ಹಿಡಿಯುವುದನ್ನು ಒಂದೇ ದಿನದಲ್ಲಿ ಕಲಿತಳು. ಇನ್ನು ಸುಧಾರಿಸುತ್ತಾಳೆ ಎಂದು ನಾವೆಲ್ಲ ನೆಮ್ಮದಿಯಾಗಿದ್ದೆವು.

ಸುಧಾರಿಸಲಿಲ್ಲ. ಏಪ್ರಿಲ್‌ನಲ್ಲಿ ಹೋದಾಗ ಹಿಟ್ಟು ನಾದುತ್ತಲೇ ತೂಕಡಿಸುತ್ತಿದ್ದಳು. ರವಿಕೆ ಸಡಿಲವಾಗಿತ್ತು. ಊರಿಗೆಲ್ಲ ತಂಪು ಹಂಚುವವಳು ತಾನು ಚೊಂಬುಗಟ್ಟಲೆ ನೀರು ಕುಡಿದರೂ ನಾಲಿಗೆ ಒಣಗುತ್ತದೆ ಎನ್ನುತ್ತಿದ್ದಳು. ಬಿಸಿಲು ಎಂದರು ಭಾವ. ವಯಸ್ಸು ಎಂದಳು ಪಕ್ಕದ ಮನೆಯವಳು. ದುಡಿದು ದುಡಿದು ಸಾಯುತ್ತಿದ್ದಾಳೆ ಎಂದೆ ನಾನು. ಭಾವನಿಗೆ ಎದುರಿಗೇ ಅಂದೆ, ನಿಮ್ಮ ಹಿತ್ತಲ ದರ್ಬಾರಿಗೆ ನನ್ನಕ್ಕನ ಜೀವ ಹಿಂಡುತ್ತಿದ್ದೀರಿ ಎಂದು. ಅವರು ಮುಖ ಸಣ್ಣದು ಮಾಡಿಕೊಂಡರು. ಮುಂದಿನ ಭಾನುವಾರ ಬಾನಿಯನ್ನು ತಾವೇ ಎಳೆದರಂತೆ. ಅದರ ಮುಂದಿನ ಭಾನುವಾರ ಮರೆತರಂತೆ.

ಮೇ ತಿಂಗಳ ಎರಡನೇ ಭಾನುವಾರ ನಾನು ಅಲ್ಲಿದ್ದೆ. ಕುರಿಗೆ ಜಂತಿನ ಔಷಧಿ ಹಾಕಿಸುವ ವಿಷಯಕ್ಕೆ ಸಂಘದವರು ಇಪ್ಪತ್ತು ಜನ ಬಂದಿದ್ದರು. ತಗಡಿನ ಕೆಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಐಸು ತರುತ್ತೇನೆಂದು ಒಳಗೆ ಹೋದ ಅಕ್ಕ ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಫ್ರಿಜ್ಜಿನ ಬಾಗಿಲು ತೆರೆದುಕೊಂಡು, ಅದರ ಮುಂದೆ ನೆಲದ ಮೇಲೆ ಕೂತು, ತಲೆಯನ್ನು ಬಾಟಲಿಗಳ ಸಾಲಿಗೆ ಒರಗಿಸಿ ಕಣ್ಣು ಮುಚ್ಚಿದ್ದಳು. ಕರೆದರೆ ಹ್ಞೂಂ ಎಂದಳು. ನೀನು ಕೂತಿರು, ನಾನೇ ತೆಗೆಯುತ್ತೇನೆ ಎಂದು ಮೇಲಿನ ಖಾನೆ ತೆರೆದೆ. ಐಸಿನ ಬಟ್ಟಲುಗಳ ನಡುವೆ ಒಂದು ಪುಟ್ಟ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದೆ. ಒಳಗೆ ಅವಳ ಇನ್ಸುಲಿನ್ ಸೀಸೆ, ಕಲ್ಲಾಗಿ ಕೂತಿತ್ತು.

ಇದನ್ನು ಇಲ್ಲಿ ಯಾರಿಟ್ಟದ್ದು ಎಂದು ಕೇಳಿದೆ. ಕೇಳಿದೆ ಎಂದರೆ ಕೂಗಿದೆ. ಭಾವನ ಹೆಸರು ಬರುತ್ತದೆ, ಬಾಟಲಿಗೆ ಜಾಗ ಮಾಡಲು ಇವರೇ ಎತ್ತಿಟ್ಟಿರುತ್ತಾರೆ ಎಂದು ಬೈಯಲು ತಯಾರಾಗಿ ನಿಂತಿದ್ದೆ.

ಅಕ್ಕ ಕಣ್ಣು ತೆರೆದು, "ನಾನೇ ಇಟ್ಟಿದ್ದು ಕಣೆ. ನೀನೇ ಹೇಳಿದ್ಯಲ್ಲ, ಐಸ್‌ನಾಗೆ ಇಡು ಅಂತ" ಎಂದಳು.

ಹೇಳಿದ್ದೆ. ಅದು ಮಾರ್ಚಿನ ಪೋಲಿಯೋ ಭಾನುವಾರ. ಜಡೆಯ ಬಸ್‌ಸ್ಟ್ಯಾಂಡಿನಲ್ಲಿ ಲಸಿಕೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮುಂದೆ ಮಕ್ಕಳ ಸಾಲು. ಅಕ್ಕ ಫೋನು ಮಾಡಿದಳು. ಔಷಧಿಯನ್ನು ಫ್ರಿಜ್ಜಿನಲ್ಲಿಡಲು ಅಂಗಡಿಯವರು ಹೇಳಿದ್ದಾರೆ, ಆದರೆ ಕೆಳಗಡೆ ಬರೀ ಬಾಟಲಿ, ಬಾಗಿಲನ್ನು ದಿನಕ್ಕೆ ಇಪ್ಪತ್ತು ಸಲ ತೆಗೆಯುತ್ತಾರೆ, ಏನು ಮಾಡಲಿ ಎಂದಳು. ನಾನು ಕೈಯಲ್ಲಿದ್ದ ಹನಿಯ ಸೀಸೆ ನೋಡಿಕೊಂಡು, ಮೇಲೆ ಐಸಿನಲ್ಲಿಡು ಅಕ್ಕ, ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು ಎಂದು ಫೋನಿಟ್ಟೆ. ಪೋಲಿಯೋ ಹನಿಗೆ ಐಸಿನಿಂದ ತೊಂದರೆಯಿಲ್ಲ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿಸಿ ಚುಚ್ಚಿಕೊಂಡರೂ ಅದನ್ನು ನಂಬುವ ಹಾಗಿಲ್ಲ. ಕೆಲವು ಔಷಧಿ ಹೆಪ್ಪುಗಟ್ಟಬಾರದು ಎಂದು ನಮಗೆ ತರಬೇತಿಯಲ್ಲಿ ಹೇಳಿಯೇ ಇದ್ದರು. ನನ್ನ ಕೈಗೆ ಸಿಗುವುದು ಹನಿ ಮಾತ್ರ, ಉಳಿದದ್ದು ಆ ಕಲ್ಲಾದ ಸೀಸೆ ಕಾಣುವವರೆಗೆ ನೆನಪಿಗೆ ಬರಲಿಲ್ಲ. ಎರಡು ತಿಂಗಳು ನನ್ನಕ್ಕ ದಿನಾ ಹೆಪ್ಪುಗಟ್ಟಿದ ಸೀಸೆಯನ್ನು ಕರಗಿಸಿ, ನಂಬಿಕೆಯಿಂದ ಹೊಟ್ಟೆಗೆ ಚುಚ್ಚಿಕೊಂಡಿದ್ದಳು. ನಾನು ಭಾವನನ್ನು ಬೈದುಕೊಂಡು ಓಡಾಡುತ್ತಿದ್ದೆ.

ಈಗಲೇ ಆಸ್ಪತ್ರೆಗೆ ನಡಿ ಎಂದೆ. ಇಪ್ಪತ್ತು ಜನ ಕೂತಿದ್ದಾರೆ, ಅವರು ಹೋಗಲಿ, ಸುಮ್ಮನೆ ಗಲಾಟೆ ಮಾಡಬೇಡ ಎಂದು ಅವಳು ಗೋಡೆ ಹಿಡಿದು ಎದ್ದಳು. ಬೇರೆ ದಿನವಾಗಿದ್ದರೆ ನಾನು ಕೇಳುತ್ತಿರಲಿಲ್ಲ, ಹಿತ್ತಲಿಗೆ ಹೋಗಿ ಎಲ್ಲರನ್ನೂ ಎಬ್ಬಿಸುತ್ತಿದ್ದೆ. ಆವತ್ತು ಎಬ್ಬಿಸಿದರೆ ಯಾಕೆ ಎಂದು ಹೇಳಬೇಕಲ್ಲ. ಐಸು ಒಡೆದುಕೊಟ್ಟೆ. ಅವಳು ಮಜ್ಜಿಗೆಯ ಟ್ರೇ ಹಿಡಿದು ಹೋದಳು. ಆರನೆಯ ಲೋಟ ಕೊಡುವಾಗ ಕಾಲು ಕುಸಿದು ಕೆಳಗೆ ಬಿದ್ದಳು.

ಶಿಕಾರಿಪುರದ ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ ಐನೂರರ ಹತ್ತಿರ. ಎರಡು ದಿನ ಡ್ರಿಪ್ಪು ಹಾಕಿದರು. ಇನ್ಸುಲಿನ್ ಐಸಿನಲ್ಲಿ ಕಲ್ಲಾಗಿತ್ತು ಎಂದಷ್ಟೇ ನಾನು ಅವರಿಗೆ ಹೇಳಿದ್ದೆ. ಎಚ್ಚರವಾದ ಮೇಲೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮಂಚದ ಪಕ್ಕ ನಿಂತು, ಔಷಧಿಯನ್ನು ಐಸಿನಲ್ಲಿಡಲು ಯಾರು ಹೇಳಿದರು ಎಂದು ಕೇಳಿದರು. ಭಾವ ಕಾಲ ಹತ್ತಿರ, ನಾನು ತಲೆಯ ಹತ್ತಿರ. ಅಕ್ಕ ನನ್ನ ಕಡೆ ತಿರುಗಲೇ ಇಲ್ಲ.

"ಯಾರೂ ಹೇಳ್ಲಿಲ್ಲ ರೀ. ನಂಗೆ ಓದೋಕೆ ಬರಲ್ಲ, ತಿಳೀದೆ ಇಟ್ಟೆ."

ಏಳನೇ ಕ್ಲಾಸಿನವರೆಗೆ ಓದಿದವಳು. ದಿನಾ ಪೇಪರು ಓದದೆ ಕಾಫಿ ಕುಡಿಯುವುದಿಲ್ಲ. ಭಾವನಿಗೆ ಎರಡು ದಿನದ ಭಯವೆಲ್ಲ ಸಿಟ್ಟಾಗಿ ಹೊರಗೆ ಬಂತು. ದಡ್ಡಿ, ತಂಗಿ ಆಶಾ ಕಾರ್ಯಕರ್ತೆ ಇದ್ದಾಳೆ, ಅವಳನ್ನು ಒಂದು ಮಾತು ಕೇಳುವುದಕ್ಕೆ ಏನಾಗಿತ್ತು ನಿನಗೆ ಎಂದು ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಬೈದರು. ಅಕ್ಕ ಹೌದು ಹೌದು ಎಂದು ತಲೆಯಾಡಿಸಿದಳು. ನಾನು ಬಾಯಿ ತೆರೆಯಲಿಲ್ಲ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ. ಜಡೆಗೆ ಹೋಗುವ ಬಸ್ಸಿನಲ್ಲಿ ಅಳುತ್ತಾ ಕೂತಿದ್ದೆ, ಅಷ್ಟೇ.

ಹೊಸ ಸೀಸೆಯನ್ನು ಐಸಿನ ಖಾನೆಯಿಂದ ದೂರ, ಕೆಳಗೆ ತರಕಾರಿಯ ಹತ್ತಿರ ಇಟ್ಟ ಮೇಲೆ ಅಕ್ಕ ಮೆಲ್ಲಗೆ ಚೇತರಿಸಿಕೊಂಡಳು. ಜೂನಿನಲ್ಲಿ ಹೋದಾಗ ಹಿತ್ತಲಿನಲ್ಲಿ ಮತ್ತೆ ಭಾನುವಾರ, ಮತ್ತೆ ಬಾನಿ. ಮಳೆ ಬಂದರೂ ಭಾವನ ಜನಕ್ಕೆ ತಣ್ಣಗಿನದೇ ಬೇಕು. ಸಂಘದ ಕಾರ್ಯದರ್ಶಿ ಶಿವಯೋಗಿಯವರು ಅಕ್ಕನ ಆರೋಗ್ಯ ವಿಚಾರಿಸಿದರು. ಭಾವ ನಗುತ್ತಾ, ಅಯ್ಯೋ ಅದನ್ನೇನು ಕೇಳುತ್ತೀರಿ, ನಮ್ಮನೆಯವಳು ಇಂಜೆಕ್ಷನ್ನನ್ನೇ ಐಸ್‌ಕ್ಯಾಂಡಿ ಮಾಡಿದಳು ಎಂದು ಕತೆ ಶುರುಮಾಡಿದರು. ಎಷ್ಟನೆಯ ಸಲವೋ. ಹೇಳಿ ಹೇಳಿ ಪಳಗಿದ ಕತೆ, ಎಲ್ಲಿ ನಿಲ್ಲಿಸಬೇಕು ಎಲ್ಲಿ ಕಣ್ಣು ಹೊಡೆಯಬೇಕು ಎಲ್ಲ ಗೊತ್ತಿತ್ತು. ಬೆಂಚುಗಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಅಕ್ಕನೂ ಟ್ರೇ ಹಿಡಿದುಕೊಂಡೇ ನಕ್ಕಳು. ಆ ನಗು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

"ಭಾವ, ಅದನ್ನ ಹೇಳಿಕೊಟ್ಟೋಳು ನಾನು. ಅವಳು ಫೋನ್ ಮಾಡಿ ಕೇಳಿದ್ಲು, ನಾನೇ ಐಸ್‌ನಲ್ಲಿಡು ಅಂದೆ."

ನಗು ಒಬ್ಬೊಬ್ಬರಲ್ಲೇ ನಿಂತಿತು. ಭಾವ ನನ್ನನ್ನು ಬೈಯಲಿಲ್ಲ. ಅಕ್ಕನನ್ನೇ ನೋಡುತ್ತಾ, "ಕೇಳಿದ್ಯಾ ನೀನು?" ಎಂದರು. ಅಕ್ಕ ಟ್ರೇ ಸಮೇತ ಒಳಗೆ ಹೋದಳು.

ಹಿಂದೆಯೇ ಹೋದೆ. ಭಾರ ಇಳಿಯಿತು, ಅವಳು ನನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಟ್ರೇಯನ್ನು ಒಲೆಕಟ್ಟೆಯ ಮೇಲೆ ಕುಕ್ಕಿದಳು. ನನ್ನ ಜನ್ಮದಲ್ಲಿ ಅಕ್ಕ ನನ್ನ ಮೇಲೆ ಅಷ್ಟು ಸಿಟ್ಟಾಗಿದ್ದು ನೋಡಿರಲಿಲ್ಲ.

"ನಿನ್ನ ಯಾರು ಕೇಳಿದ್ರು? ನನ್ನ ನೋಡಿ ನಕ್ಕರೆ ನಾಲ್ಕು ದಿನ ನಗ್ತಾರೆ, ಆಮ್ಯಾಲೆ ಮರೀತಾರೆ. ಶಿವಯೋಗಿ ಮಗಳು ಸಂಗೀತನ್ನ ಕೊಟ್ಟಿರೋದು ನಿಮ್ಮ ಜಡೆಗೇ. ಅವಳು ಬಸುರಿ. ನಾಳೆ ಹೊತ್ತಿಗೆ ಸುದ್ದಿ ಅಲ್ಲಿಗೆ ಮುಟ್ಟುತ್ತೆ. ಇನ್ನು ನೀನು ಮನೆಮನೆಗೆ ಹೋಗಿ ಮಾತ್ರೆ ತಗಳ್ರಿ ಅಂದ್ರೆ ಯಾರು ತಗಂತಾರೆ?"

ಅಷ್ಟು ಹೇಳಿ ಸುಸ್ತಾಗಿ ಅಲ್ಲೇ ಮಣೆಯ ಮೇಲೆ ಕೂತಳು. ಎರಡು ತಿಂಗಳು ಮೈಯಲ್ಲಿ ಹೊತ್ತದ್ದು ತಿಳಿಯದೆ, ಆಮೇಲೆ ಒಂದು ತಿಂಗಳು ಮರ್ಯಾದೆಯಲ್ಲಿ ಅವಳು ಹೊತ್ತದ್ದು ನನ್ನ ಮಾತಿನ ಬೆಲೆ ಉಳಿಸಲಿಕ್ಕೇ ಎಂದು ನನಗೆ ಆಗ ತಿಳಿಯಿತು. ಹೊರಗಿನಿಂದ ಯಾರೂ ಮಜ್ಜಿಗೆ ಕೇಳಲಿಲ್ಲ.

ಬುಧವಾರ ಸಂಗೀತಳ ಮನೆಗೆ ಹೋದೆ. ಆರು ತಿಂಗಳ ಬಸುರಿ, ರಕ್ತ ಕಡಿಮೆ, ಕಬ್ಬಿಣದ ಮಾತ್ರೆ ತಪ್ಪಿಸುವ ಹಾಗಿಲ್ಲ. ಕೂರಲು ಚಾಪೆ ಹಾಕಿದಳು, ಬೆಲ್ಲ ನೀರು ಕೊಟ್ಟಳು, ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ. ಮಾತ್ರೆಯ ಪಟ್ಟಿಯನ್ನು ಕೈಗೆ ಕೊಟ್ಟಾಗ ಮಾತ್ರ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ಡಾಕ್ಟ್ರು ಹೇಳಿದ್ದಾ ಮೀನಕ್ಕಾ, ಇಲ್ಲಾ ನೀವೇ ಹೇಳ್ತಿರೋದಾ?"

ಡಾಕ್ಟರು ಹೇಳಿದ್ದು ಎಂದೆ. ಆಮೇಲೆ ತೆಗೆದುಕೊಂಡಳು.